ರಕ್ತ ಕಾಣದ ಪೆಟ್ಟು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯಲ್ಲಿ ಕತ್ತಿಗೆ ಇನ್ನೂ ಮರ್ಯಾದೆಯಿದೆ. ಅರ್ಧ ಹೂತುಹೋದ ವೀರಗಲ್ಲುಗಳಲ್ಲಿ ಅದು ಇದೆ. ಜಾತ್ರೆಯ ದಿನ ಸಮಾಳ, ಕರಡೆಯ ಸದ್ದಿಗೆ ಒಡಪು ಹೇಳುತ್ತ ಕುಣಿಯುವ ವೀರಭದ್ರ ವೇಷದವರ ಬಲಗೈಯಲ್ಲಿ ಇದೆ. ಸುಗ್ಗಿ ಮುಗಿದ ಮೇಲೆ ಊರೂರಲ್ಲಿ ಏಳುವ 'ಕುರುಕ್ಷೇತ್ರ' ನಾಟಕದ ಸ್ಟೇಜಿನ ಮೇಲೆ, ಡ್ರಾಮಾ ಸೀನರಿಯವರಿಂದ ಬಾಡಿಗೆಗೆ ತಂದ ತಗಡಿನ ರೂಪದಲ್ಲೂ ಇದೆ. ಚಿಕ್ಕನಾಯಕನಹಳ್ಳಿಯ ಹೆಸರೇ ಹಾಗಲವಾಡಿ ಪಾಳೆಯಗಾರರ ಮನೆತನದ ಒಬ್ಬ ನಾಯಕನದು. ಇಷ್ಟೆಲ್ಲ ಇದ್ದೂ ನಮ್ಮ ಮಾತುಕತೆಯಲ್ಲಿ ಒಂದು ಪ್ರಶ್ನೆಗೆ ಮಾತ್ರ ಜಾಗವಿಲ್ಲ. ಕತ್ತಿವರಸೆ, ದೊಣ್ಣೆವರಸೆ ಕಲಿಯುವಾಗ, ಆಡುವಾಗ ಯಾರಿಗೆ ಎಲ್ಲಿ ಏಟು ಬಿತ್ತು, ಅದನ್ನು ಬರೆದಿಟ್ಟವರು ಯಾರು?

ಸದ್ಯ ಈ ಪ್ರಶ್ನೆಯನ್ನು ಪಟ್ಟು ಬಿಡದೆ ಕೇಳುತ್ತಿರುವವರು ಯುರೋಪಿನ ಹಳೆಯ ಕತ್ತಿವರಸೆಯನ್ನು ಮರಳಿ ಕಲಿಯಲು ಹೊರಟವರು. ಕೋವಿ ಬಂದು ಯುದ್ಧದ ರೀತಿಯೇ ಬದಲಾದ ಮೇಲೆ, ಎರಡು ಕೈಯಲ್ಲಿ ಹಿಡಿಯುವ ಉದ್ದ ಕತ್ತಿಯ ವಿದ್ಯೆ ಅಲ್ಲಿ ಕೊಂಡಿ ಕಳಚಿ ಬಿದ್ದಿತ್ತು. ಉಳಿದದ್ದು ಗ್ರಂಥಗಳು. ಇಂಗ್ಲೆಂಡಿನ ಲೀಡ್ಸ್ ನಗರದ ರಾಯಲ್ ಆರ್ಮರೀಸ್ ಸಂಗ್ರಹಾಲಯದಲ್ಲಿ 14ನೇ ಶತಮಾನದ ಆದಿಭಾಗದ ಒಂದು ಹಸ್ತಪ್ರತಿ ಇದೆ. ಸಣ್ಣ ಗುರಾಣಿ ಮತ್ತು ಕತ್ತಿಯ ಪಟ್ಟುಗಳನ್ನು ಚಿತ್ರಸಹಿತ ತೋರಿಸುತ್ತದೆ. 15ನೇ ಶತಮಾನದ ಮೊದಲಲ್ಲಿ ಇಟಲಿಯ ಕತ್ತಿವರಸೆ ಗುರು ಫಿಯೋರೆ ಇಂಥದೊಂದು ಗ್ರಂಥ ಬರೆದ. 1570ರಲ್ಲಿ ಜರ್ಮನಿಯ ಯೋಆಖಿಮ್ ಮೇಯರನ ದೊಡ್ಡ ಪುಸ್ತಕ ಅಚ್ಚಾಯಿತು. ಕಳೆದ ಮೂರು ದಶಕಗಳಲ್ಲಿ ಹವ್ಯಾಸಿಗಳು ಇಂಥ ಪುಸ್ತಕಗಳನ್ನು ಮುಂದಿಟ್ಟುಕೊಂಡು, ಹಳೆಯ ಭಾಷೆ ಬಿಡಿಸಿಕೊಂಡು, ಪಟ್ಟುಗಳನ್ನು ಒಂದೊಂದಾಗಿ ಮತ್ತೆ ಕಟ್ಟಿದ್ದಾರೆ.

ಗುರುವಿಲ್ಲದ ವಿದ್ಯೆ ಎಂದರೆ ನಮ್ಮಲ್ಲಿ ಹೀಯಾಳಿಕೆ. ಆದರೆ ಏಟಿನ ವಿಚಾರದಲ್ಲಿ ಅದು ಅವರಿಗೆ ಉಪಕಾರವನ್ನೇ ಮಾಡಿತು ಎಂದು ನನ್ನ ಎಣಿಕೆ. ಬೆರಳು ಮುರಿದಾಗ 'ನಮ್ಮ ಉಸ್ತಾದರ ಕಾಲದಿಂದಲೂ ಹೀಗೇ ಕಣಯ್ಯ, ಅರಿಸಿನ ಮೆತ್ತಿಕೊಂಡು ಬಾ' ಎನ್ನುವವರು ಅಲ್ಲಿ ಯಾರೂ ಇರಲಿಲ್ಲ. ಹಿರಿಯರ ಮಾತಿನ ನೆರಳಿಲ್ಲದ್ದರಿಂದ ಪ್ರತಿ ಮುರಿತಕ್ಕೂ ಕಾರಣ ಹುಡುಕುವುದು ಅನಿವಾರ್ಯವಾಯಿತು.

ಅವರಿಗೆ ಮೊದಲು ಸಿಕ್ಕ ಉತ್ತರ ಬೆರಳೇ. ಎದುರಾಳಿಯ ಕತ್ತಿಗೆ ಎಲ್ಲಕ್ಕಿಂತ ಹತ್ತಿರ ಇರುವುದು ತಲೆಯಲ್ಲ, ಎದೆಯಲ್ಲ. ಹಿಡಿ ಹಿಡಿದ ಕೈ. ಒಲಿಂಪಿಕ್ ಫೆನ್ಸಿಂಗ್‌ನ ಸೇಬರ್ ಕತ್ತಿ 500 ಗ್ರಾಂ, ಎಪೆ ಕತ್ತಿ 770 ಗ್ರಾಂ ಮೀರುವಂತಿಲ್ಲ. ಹಳೆಯ ಮಾದರಿಯ ಉದ್ದ ಕತ್ತಿ ಹೆಚ್ಚುಕಡಿಮೆ ಒಂದೂವರೆ ಕಿಲೋ ತೂಗುತ್ತದೆ. ಅಂಚು ಮೊಂಡು ಮಾಡಿದರೆ ಅದು ಕೊಯ್ಯುವುದಿಲ್ಲ, ಆದರೆ ಜಜ್ಜುತ್ತದೆ. ಫೆನ್ಸಿಂಗ್‌ನ ತೆಳು ಕೈಗವಸು ಇಂಥ ಏಟಿಗೆ ಯಾವ ಮೂಲೆಗೂ ಸಾಲದು ಎಂದು ತಿಳಿದ ಮೇಲೆಯೇ ಬೆರಳಿಗೆ ಚಿಪ್ಪಿನಂತೆ ಗಟ್ಟಿ ಹೊದಿಕೆಯ ಕೈಗವಸುಗಳು ಬಂದವು. ಎರಡನೆಯ ತಿಳಿವಳಿಕೆ ಇನ್ನೂ ಸೋಜಿಗದ್ದು. ಮರದ ಕತ್ತಿ ಉಕ್ಕಿಗಿಂತ ಸುರಕ್ಷಿತ ಎಂದು ಯಾರಿಗಾದರೂ ಅನ್ನಿಸುತ್ತದೆ. ವಾಸ್ತವದಲ್ಲಿ ತಿವಿದಾಗ ಬಾಗುವ ತೆಳು ಉಕ್ಕಿನ ಅಲಗು ಏಟಿನ ಬಲವನ್ನು ತಾನೇ ನುಂಗಿಕೊಳ್ಳುತ್ತದೆ. ಬಾಗದ ಗಟ್ಟಿ ಮರ ಅಷ್ಟನ್ನೂ ಪಕ್ಕೆಲುಬಿಗೆ ದಾಟಿಸುತ್ತದೆ. ಅಭ್ಯಾಸಕ್ಕೆಂದೇ ಬಾಗುವ, ತುದಿ ಅಗಲ ಮಾಡಿದ ಕತ್ತಿಗಳು 16ನೇ ಶತಮಾನದ ಜರ್ಮನಿಯಲ್ಲೇ ಇದ್ದವು. ಜಪಾನಿನವರು 18ನೇ ಶತಮಾನದಲ್ಲಿ ಮರದ ಕತ್ತಿಯ ಬದಲು ಸೀಳು ಬಿದಿರಿನ ಕತ್ತಿ, ಎದೆಗವಚ, ಮುಖಗವಚ ಬಳಕೆಗೆ ತಂದದ್ದೂ ಇದೇ ಲೆಕ್ಕದ ಮೇಲೆ. ನಮ್ಮ ದೊಣ್ಣೆವರಸೆಯವರು ಬಿದಿರನ್ನೇ ಮೆಚ್ಚುವುದರ ಹಿಂದೆಯೂ ಇಂಥದೊಂದು ಅನುಭವ ಇದ್ದಿರಬೇಕು.

ಉಪಕರಣದ ಮಾತು ಬಂದಾಗ ಫೆನ್ಸಿಂಗ್ ಲೋಕ ಮರೆಯದ ಹೆಸರು ವ್ಲಾದಿಮಿರ್ ಸ್ಮಿರ್ನೋವ್. 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವನು. 1982ರ ಜುಲೈನಲ್ಲಿ ರೋಮ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಎದುರಾಳಿಯ ಅಲಗು ಮುರಿದು, ಮುರಿದ ತುದಿ ಮುಖಗವಚದ ಜಾಲರಿ ಸೀಳಿ ಕಣ್ಣಿನ ಮೂಲಕ ಮಿದುಳಿಗೆ ಹೊಕ್ಕಿತು. ಕೆಲವೇ ದಿನಗಳಲ್ಲಿ ಸತ್ತ. ಜಗತ್ತಿನ ಅತ್ಯುತ್ತಮ ಆಟಗಾರ, ಅಂದಿನ ಅತ್ಯುತ್ತಮ ಉಪಕರಣ, ಎದುರಿಗಿದ್ದವನದೂ ತಪ್ಪಲ್ಲ. ಆ ಸಾವಿನ ಬಳಿಕ ಜಾಲರಿ ಬಲಗೊಂಡಿತು, ಅಲಗಿಗೆ ಬೇರೆ ಜಾತಿಯ ಉಕ್ಕು ಬಂತು, ಉಡುಪಿಗೆ ಕೆವ್ಲಾರ್‌ನಂಥ ಗಟ್ಟಿ ನೂಲು ಸೇರಿತು. ಇಂದು ಬಟ್ಟೆ ಎಷ್ಟು ಬಲದ ತಿವಿತ ತಡೆಯುತ್ತದೆ ಎಂಬುದನ್ನು 350, 800, 1600 ನ್ಯೂಟನ್ ಎಂದು ಅಂಕಿಯಲ್ಲೇ ಹೇಳುತ್ತಾರೆ. ಹಳೆಯ ಕತ್ತಿವರಸೆಯವರೂ ಈ ಉಡುಪನ್ನೇ ಎರವಲು ಪಡೆದರು. ಆದರೆ ಈ ಅಂಕಿ ಹೇಳುವುದು ಚುಚ್ಚುವಿಕೆಯ ಬಗ್ಗೆ ಮಾತ್ರ. ಒಂದೂವರೆ ಕಿಲೋದ ಕತ್ತಿ ಮುಖಗವಚದ ನೆತ್ತಿಗೆ ಬಿದ್ದರೆ ಜಾಲರಿ ಹರಿಯಲಿಕ್ಕಿಲ್ಲ. ಒಳಗಿನ ತಲೆ ಅಲ್ಲಾಡದಿರುತ್ತದೆಯೇ ಎಂದರೆ ಅದಕ್ಕೆ ಆ ಅಂಕಿ ಹೊಣೆಯಲ್ಲ.

ಇನ್ನು ದುಡ್ಡಿನ ಮಾತು. ತಲೆ, ಗಂಟಲು, ಕೈ, ಮೈ, ಮೊಣಕಾಲಿಗೆ ಸರಿಯಾದ ಕವಚ ತೊಟ್ಟು, ಒಳ್ಳೆಯ ಅಭ್ಯಾಸದ ಕತ್ತಿ ಕೊಂಡು ನಿಲ್ಲಬೇಕಾದರೆ ನಮ್ಮ ಲೆಕ್ಕದಲ್ಲಿ ಲಕ್ಷ ರೂಪಾಯಿಯ ಆಸುಪಾಸು. ನಮ್ಮ ಕಡೆ ಗರಡಿಗೆ ಹೋಗುವ ಹುಡುಗ ಅಷ್ಟು ದುಡ್ಡನ್ನು ಬೋರ್‌ವೆಲ್ಲಿಗೆ ಸುರಿಯುತ್ತಾನೆ, ಕೈಗವಸಿಗಲ್ಲ. ಅವನ ಬೆರಳಿನ ಬೆಲೆಯೂ ಬೇರೆ. ಕಚೇರಿಯಲ್ಲಿ ಕೆಲಸ ಮಾಡುವವನ ಬೆರಳು ಮುರಿದರೆ ಕೆಲವು ವಾರ ಒಂದೇ ಕೈಯಲ್ಲಿ ಟೈಪು ಮಾಡುತ್ತಾನೆ. ಕಾಯಿ ಕೀಳುವವನ, ಸುಲಿಯುವವನ ಬೆರಳು ಮುರಿದರೆ ಅಂದಿನಿಂದಲೇ ಕೂಲಿ ನಿಂತಿತು. ಸುರಕ್ಷತೆಯೆಂದರೆ ಅಂಗಡಿಯಲ್ಲಿ ಸಿಗುವ ಸರಕು ಎಂದುಕೊಂಡರೆ ಹೆಚ್ಚು ಕಳೆದುಕೊಳ್ಳುವವರಿಗೇ ಅದು ಸಿಗುವುದಿಲ್ಲ.

ಕವಚ ಎಲ್ಲವನ್ನೂ ಮಾಡುವುದಿಲ್ಲ ಎಂಬುದನ್ನು ಕವಚ ತೊಟ್ಟು ಆಡುವವರೇ ಒಪ್ಪುತ್ತಾರೆ. ತಂತಿ ಜಾಲರಿಯ ಮುಖಗವಚ ಫ್ರಾನ್ಸಿನಲ್ಲಿ ಬಳಕೆಗೆ ಬಂದದ್ದು 18ನೇ ಶತಮಾನದ ಕೊನೆಯ ಹೊತ್ತಿಗೆ. ಅದಕ್ಕೆ ಮುಂಚೆ ಬರಿಮುಖದಲ್ಲೇ ಆಡುತ್ತಿದ್ದರು. ಹಾಗಾಗಿ ಒಬ್ಬ ತಿವಿದಾಗ ಇನ್ನೊಬ್ಬ ಮೊದಲು ತಡೆಯಲೇಬೇಕು, ತಡೆದ ಮೇಲೆಯೇ ಮರುತಿವಿತ ಎಂಬ ಸರದಿಯ ಕಟ್ಟಳೆ ಇತ್ತು. ಮುಖಗವಚ ಬಂದ ಮೇಲೆ ವೇಗ ಹೆಚ್ಚಿತು, ಧೈರ್ಯ ಹೆಚ್ಚಿತು, ಸರದಿಯ ಹಂಗು ಕಡಿಮೆಯಾಯಿತು. ಇಂದಿನ ಉದ್ದ ಕತ್ತಿಯವರೂ ಇದೇ ಗೋಳು ಹೇಳಿಕೊಳ್ಳುತ್ತಾರೆ. ಮೈತುಂಬ ಹೊದ್ದವನು ತನಗೆ ಬೀಳುವ ಏಟನ್ನು ಲೆಕ್ಕಿಸದೆ ನುಗ್ಗುತ್ತಾನೆ, ಇಬ್ಬರೂ ಒಟ್ಟಿಗೆ ಹೊಡೆದುಕೊಳ್ಳುತ್ತಾರೆ. ಹರಿತವಾದ ಕತ್ತಿಯಾಗಿದ್ದರೆ ಎರಡು ಹೆಣ. ಅದಕ್ಕೇ ಅವರ ಪಂದ್ಯಗಳಲ್ಲಿ, ಹೊಡೆದ ಕೂಡಲೇ ತಾನೂ ಹೊಡೆಸಿಕೊಂಡವನ ಅಂಕ ಕಡಿಯುವ ನಿಯಮ ತಂದರು. 'ಪೆಟ್ಟು ತಿಂದರೇ ವಿದ್ಯೆ ಹತ್ತುವುದು' ಎನ್ನುವ ನಮ್ಮ ಹಿರಿಯರ ವಾದಕ್ಕೆ ಇದೇ ಉತ್ತರ ಎಂದು ನಾನು ತಿಳಿಯುತ್ತೇನೆ. ಹಿರಿಯರು ಹೇಳುವುದರಲ್ಲಿ ಅರ್ಧ ನಿಜ: ಭಯವಿಲ್ಲದವನು ಕಲಿಯುವುದಿಲ್ಲ. ಆದರೆ ಆ ಭಯವನ್ನು ಮೂಳೆಯ ಮೇಲೆಯೇ ಹುಟ್ಟಿಸಬೇಕಿಲ್ಲ, ಅಂಕಪಟ್ಟಿಯ ಮೇಲೂ ಹುಟ್ಟಿಸಬಹುದು.

ಹಾಗೆಂದು ಸುರಕ್ಷತೆಯ ವಿಚಾರ ನಮ್ಮವರಿಗೆ ತಿಳಿದೇ ಇರಲಿಲ್ಲ ಎನ್ನುವ ಮಾತು ಶುದ್ಧ ಸುಳ್ಳು. ಗರಡಿಯ ಮಟ್ಟಿಯನ್ನೇ ನೋಡಿ. ಅಗೆದು, ಹದ ಮಾಡಿ, ಎಣ್ಣೆ ಅರಿಸಿನ ಬೆರೆಸಿದ ಆ ಕೆಮ್ಮಣ್ಣು ಪೂಜೆಯ ವಸ್ತುವೂ ಹೌದು, ಬಿದ್ದವನ ಬೆನ್ನು ಕಾಯುವ ಹಾಸಿಗೆಯೂ ಹೌದು. ಕಾಸರಗೋಡಿನಿಂದ ಕೆಳಗೆ ಹಬ್ಬಿರುವ ಕಳರಿಪಯಟ್ಟಿನಲ್ಲಿ ಕಲಿಕೆಗೊಂದು ಕ್ರಮವಿದೆ: ಮೊದಲು ಬರಿಮೈ ಪಳಗಬೇಕು, ಆಮೇಲೆ ಕೋಲು, ಅದು ಒಲಿದ ಮೇಲೆ ಲೋಹದ ಆಯುಧ. ಮೊದಲ ದಿನವೇ ಕತ್ತಿ ಕೊಡು ಎನ್ನುವ ಶಿಷ್ಯನಿಗೆ ಅಲ್ಲಿ ಜಾಗವಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲರ ಕಾಳಗಕ್ಕೂ ಆಯುಧದ ದ್ವಂದ್ವಕ್ಕೂ ಬೇರೆ ಬೇರೆ ಪ್ರಕರಣಗಳೇ ಇವೆ; ಮಲ್ಲರ ಊಟ, ಅಭ್ಯಾಸಗಳ ವಿವರವೂ ಉಂಟು. 1520ರ ಸುಮಾರಿಗೆ ವಿಜಯನಗರದ ಮಹಾನವಮಿ ನೋಡಿದ ಪೋರ್ಚುಗೀಸ್ ಪ್ರವಾಸಿ ಪಾಯೆಸ್, ಅಲ್ಲಿನ ಮಲ್ಲರ ಹೊಡೆತಕ್ಕೆ ಹಲ್ಲು ಮುರಿಯುವುದನ್ನು, ಕಣ್ಣು ಹೋಗುವುದನ್ನು, ಮಾತು ನಿಂತವರನ್ನು ಗೆಳೆಯರು ಹೊತ್ತೊಯ್ಯುವುದನ್ನು ಬರೆದಿದ್ದಾನೆ. ಅದೇ ಉಸಿರಿನಲ್ಲಿ ಇನ್ನೊಂದನ್ನೂ ಬರೆದಿದ್ದಾನೆ: ಇಬ್ಬರನ್ನೂ ಸಮನಾಗಿ ನಿಲ್ಲಿಸಲು, ಗೆಲುವನ್ನು ತೀರ್ಮಾನಿಸಲು ಅಲ್ಲಿ ಮುಖ್ಯಸ್ಥರೂ ತೀರ್ಪುಗಾರರೂ ಇದ್ದರು.

ಹಿಡಿತದ ವಿಚಾರಕ್ಕೆ ಬಂದರೆ ನಮ್ಮ ಸೀಮೆಗೆ ದೂರ ಹೋಗಬೇಕಿಲ್ಲ. ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿ, ನೀರು ಬತ್ತಿ, ಒಳಗೇ ಗುಡುಗುಡು ಎನ್ನುವ ಕಾಯಿಯನ್ನು ಸುಲಿದ ಮೇಲೆ ಚಿಪ್ಪು ಒಡೆಯುತ್ತಾರಲ್ಲ, ಆ ಮಚ್ಚಿನ ಏಟನ್ನು ಗಮನಿಸಬೇಕು. ಚಿಪ್ಪು ಬಿರಿಯಬೇಕು, ಒಳಗಿನ ಉಂಡೆ ಕೊಬ್ಬರಿಗೆ ಗೀರೂ ಬೀಳಬಾರದು. ಗೀರು ಬಿದ್ದರೆ ಮಾರುಕಟ್ಟೆಯಲ್ಲಿ ದರ ಇಳಿಯಿತು. ಕೈ ಎತ್ತುವುದಕ್ಕಿಂತ ಏಟನ್ನು ಎಲ್ಲಿ ನಿಲ್ಲಿಸಬೇಕು ಎಂಬುದೇ ಅಲ್ಲಿ ಕಸುಬು. ಕತ್ತಿವರಸೆಯ ಒಳ್ಳೆಯ ಗುರುವೂ ಕಲಿಸುವುದು ಇದನ್ನೇ: ಎದುರಾಳಿಯ ಚರ್ಮದ ಮೇಲೆ ನಿಲ್ಲುವ ಏಟು. ಅದು ಕೈಗೆ ಹತ್ತದವನಿಗೆ ಲಕ್ಷ ರೂಪಾಯಿಯ ಕವಚ ತೊಡಿಸಿದರೆ ಅವನೊಬ್ಬ ಬಚಾವಾದಾನು, ಅವನ ಜೊತೆ ಆಡುವವನಲ್ಲ.

ಇಷ್ಟು ವಿವೇಕವಿದ್ದ ಪರಂಪರೆ ಎಡವಿದ್ದು ಎಲ್ಲಿ? ನನ್ನ ಪ್ರಕಾರ ರಕ್ತದಲ್ಲಿ. ಮೈಸೂರಿನಲ್ಲಿ ವಿಜಯದಶಮಿಯ ದಿನ ಅರಮನೆಯೊಳಗೆ ನಡೆಯುವ ವಜ್ರಮುಷ್ಟಿ ಕಾಳಗ ಎಲ್ಲರಿಗೂ ಗೊತ್ತು. ತಲೆ ಬೋಳಿಸಿಕೊಂಡ ಜೆಟ್ಟಿಗಳು ಮುಷ್ಟಿಗೆ ಚೂಪು ಹಲ್ಲಿನ ಆಯುಧ ತೊಟ್ಟು ಎದುರಾಗುತ್ತಾರೆ. ಒಬ್ಬನ ತಲೆಯಿಂದ ರಕ್ತ ಚಿಮ್ಮಿದ ಕ್ಷಣ ಉಸ್ತಾದರು ನಡುವೆ ಬಂದು ಬಿಡಿಸುತ್ತಾರೆ, ಕಾಳಗ ಮುಗಿಯಿತು. ಹೊರಗಿನವರಿಗೆ ಇದು ಕ್ರೌರ್ಯದಂತೆ ಕಂಡೀತು. ನನಗೆ ಹಾಗೆ ಕಾಣುವುದಿಲ್ಲ, ಏಕೆಂದರೆ ಇದು ಕಾಳಗವನ್ನು ಬೇಗ ನಿಲ್ಲಿಸುವ ನಿಯಮ. ಯುರೋಪಿನಲ್ಲೂ ಇದೇ ನಿಯಮವಿತ್ತು ಎಂಬುದು ನಮ್ಮವರಿಗೆ ಅಷ್ಟಾಗಿ ಗೊತ್ತಿಲ್ಲ. 16ನೇ ಶತಮಾನದ ಜರ್ಮನ್ ಪಟ್ಟಣಗಳ ಸಾರ್ವಜನಿಕ ಕತ್ತಿ ಪಂದ್ಯಗಳಲ್ಲಿ ತಿವಿಯುವುದು, ಹಿಡಿಯ ಗುಂಡಿನಿಂದ ಗುದ್ದುವುದು ನಿಷಿದ್ಧ. ತಲೆಯ ಮೇಲೆ ರಕ್ತ ಬರಿಸಿದವನೇ ಗೆದ್ದವನು. ಇಂಗ್ಲೆಂಡಿನ ಹಳ್ಳಿ ಜಾತ್ರೆಗಳ ಕೋಲುವರಸೆಯಲ್ಲಿ ಹುಬ್ಬಿನ ಮೇಲೆ ಒಂದಂಗುಲ ರಕ್ತ ಹರಿದರೆ ಸೋಲು. ಸಣ್ಣ ಏಟಿಗೇ ನೆತ್ತರು ಬರುವುದರಿಂದ ಇದು ಅಂಥ ಕ್ರೂರ ಆಟವಲ್ಲ ಎಂದು ಥಾಮಸ್ ಹ್ಯೂಸ್ 1857ರ ತನ್ನ ಕಾದಂಬರಿಯಲ್ಲಿ ಸಮಜಾಯಿಷಿಯನ್ನೂ ಕೊಡುತ್ತಾನೆ. ಜರ್ಮನಿಯ ಕೆಲವು ವಿದ್ಯಾರ್ಥಿ ಸಂಘಗಳಲ್ಲಿ ಹರಿತ ಕತ್ತಿಯ ಪಂದ್ಯ ಇಂದಿಗೂ ಉಂಟು. ಕಣ್ಣಿಗೆ, ಕುತ್ತಿಗೆಗೆ ರಕ್ಷಣೆ ಕಟ್ಟಿ ಕೆನ್ನೆಯನ್ನು ಬೇಕೆಂದೇ ಬಿಡುತ್ತಾರೆ. ಒಂದು ಕಾಲಕ್ಕೆ ಅಲ್ಲಿಯ ಗಾಯದ ಗುರುತು ಕುಲೀನರ ಒಡವೆಯಾಗಿತ್ತು.

ಮೈಸೂರಿನ ಜೆಟ್ಟಿಯೂ ಜರ್ಮನ್ ಪಟ್ಟಣದ ಕತ್ತಿವರಸೆಯವನೂ ಒಬ್ಬರನ್ನೊಬ್ಬರು ಕಾಣದೆ ಒಂದೇ ಗುರುತಿಗೆ ಬಂದು ನಿಂತದ್ದು ಸುಮ್ಮನೆ ಅಲ್ಲ. ನೆತ್ತಿಯ ಚರ್ಮದಲ್ಲಿ ರಕ್ತನಾಳ ಹೇರಳ. ಕೊಂಚ ಸೀಳಿದರೂ ಎಲ್ಲರಿಗೂ ಕಾಣುವಂತೆ ಸುರಿಯುತ್ತದೆ. ತೀರ್ಪುಗಾರನಿಗೆ ಇದಕ್ಕಿಂತ ನಿಚ್ಚಳ ಸಾಕ್ಷಿ ಬೇಡ, ಸೋತವನಿಗೂ ತಕರಾರಿಲ್ಲ. ತೊಂದರೆ ಏನೆಂದರೆ, ರಕ್ತ ಹೇಳುವುದು ಚರ್ಮದ ಸುದ್ದಿಯನ್ನು. ಕನ್ಕಶನ್ ಎಂದು ವೈದ್ಯರು ಕರೆಯುವ, ಬುರುಡೆಯೊಳಗೆ ಮಿದುಳು ಅಲುಗಾಡಿ ಆಗುವ ಪೆಟ್ಟಿಗೆ ಒಂದು ಹನಿ ರಕ್ತವೂ ಬರಬೇಕಿಲ್ಲ. ಪ್ರಜ್ಞೆ ತಪ್ಪಲೂ ಬೇಕಿಲ್ಲ. ಮಾಮೂಲಿ ಸ್ಕ್ಯಾನಿನಲ್ಲೂ ಅದು ಹೆಚ್ಚಾಗಿ ಕಾಣುವುದಿಲ್ಲ. ನೆತ್ತಿ ಸೀಳಿದವನನ್ನು ಕೂರಿಸಿ ಉಪಚಾರ ಮಾಡುತ್ತೇವೆ. ಮೊಂಡು ಕತ್ತಿಯ ಏಟು ಮುಖಗವಚದ ಮೇಲೆ ಬಿದ್ದು ಕ್ಷಣ ತಡವರಿಸಿದವನನ್ನು 'ಭಲೇ, ತಡ್ಕೊಂಡ' ಎಂದು ಬೆನ್ನು ತಟ್ಟಿ ಮತ್ತೆ ಅಖಾಡಕ್ಕೆ ಬಿಡುತ್ತೇವೆ. ಇಬ್ಬರಲ್ಲಿ ಹೆಚ್ಚು ಅಪಾಯದಲ್ಲಿರುವವನು ಎರಡನೆಯವನೇ ಆಗಿರಬಹುದು. ಮೊದಲ ಪೆಟ್ಟು ಮಾಯುವ ಮುಂಚೆ ತಲೆಗೆ ಇನ್ನೊಂದು ಬಿದ್ದರೆ ಹಾನಿ ಬಲಿಯುತ್ತದೆ.

2022ರ ಅಕ್ಟೋಬರ್‌ನಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಸೇರಿದ ಕ್ರೀಡಾ ವೈದ್ಯರ ಅಂತರರಾಷ್ಟ್ರೀಯ ಸಭೆ ಈ ಬಗ್ಗೆ ಒಮ್ಮತದ ಹೇಳಿಕೆಯನ್ನೇ ರೂಪಿಸಿದೆ. ಅನುಮಾನ ಬಂದರೆ ಹೊರಗೆ ಕರೆಯಿರಿ. ಅದೇ ದಿನ ಮತ್ತೆ ಆಡಿಸಬೇಡಿ. ಮರಳುವುದು ಮೆಟ್ಟಿಲು ಮೆಟ್ಟಿಲಾಗಿ. ಹಳೆಯ ಕತ್ತಿವರಸೆಯ ಒಳ್ಳೆಯ ಕೂಟಗಳು ಇದನ್ನು ಪಾಲಿಸತೊಡಗಿವೆ, ಎಲ್ಲವೂ ಅಲ್ಲ. ಅಲ್ಲಿಯೂ ಗಂಡಸುತನದ ಜಂಬ ಸಾಕಷ್ಟಿದೆ. ನಮ್ಮ ಗರಡಿ, ಕಳರಿಗಳಲ್ಲಿ ಉಳುಕು ತೆಗೆಯುವ, ಮೂಳೆ ಕೂರಿಸುವ ಕೈಗುಣದವರು ಇದ್ದಾರೆ. ಕೈಕಾಲಿನ ಮಟ್ಟಿಗೆ ಅವರ ಅನುಭವವನ್ನು ನಾನು ಹಗುರವಾಗಿ ನೋಡುವುದಿಲ್ಲ. ತಲೆಯ ಪೆಟ್ಟು ಮಾತ್ರ ಎಣ್ಣೆ ಕಟ್ಟಿಗೆ ಸಿಗುವಂಥದ್ದಲ್ಲ. ಅದರಲ್ಲೂ ಮಿದುಳಿನ ತಜ್ಞರಿರುವ ಬೆಂಗಳೂರಿನ ನಿಮ್ಹಾನ್ಸ್ ತಿಪಟೂರಿನಿಂದ 140 ಕಿಲೋಮೀಟರಿಗೂ ಮೇಲೆ ದೂರದಲ್ಲಿರುವಾಗ, ಪೆಟ್ಟು ಬಿದ್ದ ಗಳಿಗೆಯಲ್ಲೇ ಅದನ್ನು ಗುರುತಿಸುವ ಕಣ್ಣು ಊರಿನಲ್ಲೇ ಇರಬೇಕು.

ವೀರಭದ್ರ ಕುಣಿತದ ಮಾತು ತುಸು ಬೇರೆ. ಅದು ಪಂದ್ಯವಲ್ಲ, ಸೇವೆ. ಅಲ್ಲಿ ನ್ಯೂಟನ್ನಿನ ಲೆಕ್ಕ ಎತ್ತಿದರೆ ಯಾರಿಗಾದರೂ ಸಿಟ್ಟು ಬಂದೀತು, ಬರಲಿ. ಕುಣಿಯುವವರಿಗೆ ಮಡಿಯಿದೆ, ಮನೆತನದ ಕಲಿಕೆಯಿದೆ, ಅಲಗಿನ ಅಳತೆ ಕೈಗೆ ಗೊತ್ತಿದೆ. ಅಪಾಯ ಹೆಚ್ಚಿರುವುದು ಸುತ್ತ ನಿಂತವರಿಂದ. ವಾದ್ಯದವರು ಬಿಡಿಸಿಟ್ಟ ಸುತ್ತಿನೊಳಕ್ಕೆ ಮೊಬೈಲು ಹಿಡಿದು ನುಗ್ಗುವವರು, ವಿಡಿಯೊಗೆ ಮಗುವನ್ನು ಮುಂದೆ ನೂಕುವವರು. ಬೀಸುವ ಕತ್ತಿಗೆ ಹರಿತವಿರಲಿ ಬಿಡಲಿ, ಮಗುವಿನ ಎತ್ತರಕ್ಕೆ ಅದು ಕಣ್ಣಿನ ಮಟ್ಟದಲ್ಲೇ ಹಾಯುತ್ತದೆ. ಒಂದು ಹಗ್ಗ, ಹಗ್ಗ ಹಿಡಿಯಲು ನಾಲ್ಕು ಜನ ಸಾಕಾಗುವ ಕೆಲಸ ಇದು. ತೇರಿಗೆ ಹಗ್ಗ ಕಟ್ಟುವ ಸಮಿತಿಗೆ ಇದು ಭಾರವಾಗಬಾರದು.

ಬರೆದಿಡುವ ಮಾತಿಗೆ ಬರುತ್ತೇನೆ. ತೆಂಗಿನ ಮರದಿಂದ ಬಿದ್ದು ಸೊಂಟ ಮುರಿದರೆ ಒಂದು ಕಾಲಕ್ಕೆ ಹಣೆಬರಹ ಎನ್ನುತ್ತಿದ್ದೆವು. ತೆಂಗು ಅಭಿವೃದ್ಧಿ ಮಂಡಳಿ ಮರ ಹತ್ತುವವರಿಗೆ ಯಂತ್ರ ಬಳಸುವ ತರಬೇತಿ ಕೊಟ್ಟು, 'ಕೇರ ಸುರಕ್ಷಾ' ಎಂಬ ವಿಮೆ ತಂದ ಮೇಲೆ ಅದು ಕಸುಬಿನ ಅಪಾಯವಾಯಿತು. ವಿಮೆಯಿಂದ ಹಣದ ಜೊತೆಗೆ ಇನ್ನೊಂದು ಬರುತ್ತದೆ: ಯಾವಾಗ, ಹೇಗೆ ಬಿದ್ದ ಎಂದು ಯಾರೋ ಒಬ್ಬರು ಅರ್ಜಿಯಲ್ಲಿ ತುಂಬಲೇಬೇಕು. ಕತ್ತಿ, ದೊಣ್ಣೆ ಹಿಡಿಯುವ ನಮ್ಮ ಕಲಾವಿದರ, ಪೈಲ್ವಾನರ ಪೆಟ್ಟಿಗೂ ಅಂಥದೊಂದು ಅರ್ಜಿ ಬೇಕು. ಕಳರಿಪಯಟ್ಟು, ಪಂಜಾಬಿನ ಗಟ್ಕಾ, ಮಣಿಪುರದ ಥಾಂಗ್‌-ತಾ 2022ರಲ್ಲಿ ಹರಿಯಾಣದಲ್ಲಿ ನಡೆದ ಖೇಲೋ ಇಂಡಿಯಾ ಯುವ ಕ್ರೀಡಾಕೂಟಕ್ಕೆ ಸೇರಿದವು. ಗಟ್ಕಾ ಪಂದ್ಯದಲ್ಲಿ ಕತ್ತಿಯ ಬದಲು ಕೋಲು, ಥಾಂಗ್‌-ತಾದಲ್ಲಿ ಹೊದಿಕೆ ಸುತ್ತಿದ ಕೋಲು. ಪಂದ್ಯವಾದ ಕೂಡಲೇ ನಿಯಮ, ತೀರ್ಪುಗಾರ, ವೈದ್ಯ, ದಾಖಲೆ ಒಂದರ ಹಿಂದೊಂದು ಬರುತ್ತವೆ. ನಮ್ಮ ಕತ್ತಿವರಸೆ, ದೊಣ್ಣೆವರಸೆಗಳು ಮೆರವಣಿಗೆಯ ಪ್ರದರ್ಶನವಾಗಿಯೇ ಉಳಿದಿರುವುದರಿಂದ ಅವಕ್ಕೆ ಇದಾವುದೂ ಇಲ್ಲ. ಪ್ರದರ್ಶನದಲ್ಲಿ ಪೆಟ್ಟು ಬಿದ್ದರೆ ಮುಚ್ಚಿಡುವುದೇ ಕಲೆಯ ಭಾಗ.

ಹೀಗೆಂದಾಗ ಬರುವ ಗಟ್ಟಿ ಆಕ್ಷೇಪ ಒಂದಿದೆ, ಅದು ಉಸ್ತಾದರ ಕಡೆಯಿಂದ. ಶಿಷ್ಯನ ಮೈಯ ಹದ ಬಲ್ಲವನು ಗುರು, ಕಾಗದವಲ್ಲ. ಪೆಟ್ಟು ಬರೆದಿಡುವ ಪುಸ್ತಕ ಇಟ್ಟರೆ ನಾಳೆ ಅದನ್ನೇ ಹಿಡಿದು ಗರಡಿ ಮುಚ್ಚಿಸುತ್ತಾರೆ. ಎರಡನೆಯ ಭಯ ಸುಳ್ಳಲ್ಲ. ಅದಕ್ಕೇ ಆ ಪುಸ್ತಕ ಸರ್ಕಾರದ ಕೈಯಲ್ಲಿ ಅಲ್ಲ, ಗರಡಿಯವರ ಕೈಯಲ್ಲೇ ಇರಲಿ ಎನ್ನುತ್ತೇನೆ. ಆದರೆ ಪೆಟ್ಟು ಬಿದ್ದಾಗ ಆಟ ನಿಲ್ಲಿಸುವ ಅಧಿಕಾರವನ್ನು ಗುರುವೊಬ್ಬನಿಗೇ ಬಿಡುವುದು ಸರಿಯಲ್ಲ. ಅಖಾಡದಲ್ಲಿರುವವನು ತನ್ನ ಶಿಷ್ಯ. ಅವನು ಸೋತರೆ ಗುರುವಿನ ಹೆಸರೂ ಸೋಲುತ್ತದೆ. ವಜ್ರಮುಷ್ಟಿಯಲ್ಲಿ ಉಸ್ತಾದರೇ ಕೂಡಿ ಬಿಡಿಸುವುದರಿಂದ ಒಬ್ಬರ ಹಟ ನಡೆಯುವುದಿಲ್ಲ. ವಿಜಯನಗರದಲ್ಲಿ ದ್ವಂದ್ವಕ್ಕೆ ಇಳಿಯುವ ಮುನ್ನ ಮಂತ್ರಿಯ ಅಪ್ಪಣೆ ಬೇಕಿತ್ತು ಎಂದು ಇನ್ನೊಬ್ಬ ಪೋರ್ಚುಗೀಸ್ ಲೇಖಕ ನೂನಿಜ್ ಬರೆದಿದ್ದಾನೆ. ಹೊರಗಿನವರೊಬ್ಬರ ಮಾತಿಗೆ ಅಖಾಡ ತಲೆಬಾಗುವುದು ನಮಗೇನೂ ಹೊಸದಲ್ಲ.

ಆಟ ನಿಲ್ಲಿಸುವ ಆ ಹೊರಗಿನವರು ಊರಿನ ಶಾಲೆಯ ದೈಹಿಕ ಶಿಕ್ಷಕರಾಗಬಹುದು, ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್ ಆಗಬಹುದು. ಅವರು ನೋಡಬೇಕಾದದ್ದು ಹೆಚ್ಚಿಲ್ಲ: ತಲೆಗೆ ಏಟು ಬಿದ್ದವನು ಎಲ್ಲಿದ್ದೇನೆಂದು ಹೇಳುತ್ತಾನೆಯೇ, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾನೆಯೇ, ನಡಿಗೆ ವಾಲುತ್ತದೆಯೇ, ಬೆಳಕು ಚುಚ್ಚುತ್ತದೆಯೇ, ವಾಕರಿಕೆ ಇದೆಯೇ. ಒಂದಕ್ಕೆ ಅನುಮಾನ ಬಂದರೂ ಅವನು ಅಂದು ಮತ್ತೆ ಕತ್ತಿ ಮುಟ್ಟುವಂತಿಲ್ಲ, ಒಬ್ಬನೇ ಬೈಕು ಹತ್ತಿ ಮನೆಗೆ ಹೋಗುವಂತೆಯೂ ಇಲ್ಲ. ವಾಂತಿ ನಿಲ್ಲದಿದ್ದರೆ, ನಿದ್ದೆಯಿಂದ ಎಬ್ಬಿಸಲಾಗದಿದ್ದರೆ, ತಲೆನೋವು ಏರುತ್ತಲೇ ಹೋದರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಫೋನು ಮಾಡಬೇಕು.